ಪರದೇಶದಲ್ಲಿ ನಿಂತು ಚೀನೀಯರಿಗಾಗಿ: ಮಾನವ ಹಕ್ಕುಗಳ ಸಂಘಗಳ ಕಾರ್ಯ

ಕಳೆದ ಡಿಸೆಂಬರ್ ೧೦ರಂದು ಮಾನವ ಹಕ್ಕುಗಳ ದಿನದ ಅಂಗವಾಗಿ ನಮ್ಮ ಕಾಲೇಜಿನ ಚರ್ಚಾ ಸಂಘದವರು ಒಂದು ಚರ್ಚಾಕೂಟವನ್ನು ಏರ್ಪಡಿಸಿದ್ದರು. "ಒಂದು ದೇಶದ ಪ್ರಜೆಗಳ ಹಕ್ಕುಗಳ ವಿಷಯದಲ್ಲಿ ಪರದೇಶದವರು ಮಾತನಾಡುವುದು ಯುಕ್ತವಲ್ಲ" ಎಂಬುದು ಅಂದಿನ ವಿಷಯ. ನಾನು ಅದನ್ನು ವಿರೋಧಿಸಿ ಮಾತನಾಡಿದೆ. ಚೀನದಲ್ಲಿ ಸೆರೆಯಲ್ಲಿರುವ ಲೇಖಕರಿಗಾಗಿಯೂ ವಕೀಲರಿಗಾಗಿಯೂ ಅಮೆರಿಕ ಯೂರೋಪುಗಳಲ್ಲಿ ದುಡಿಯುವ ಸಂಘಗಳಿವೆಯೆಂದೂ, ಅವರದು ಪುಣ್ಯದ ಕೆಲಸವೆಂದೂ ಆವೇಶದಿಂದ ಹೇಳಿದೆ. ಎದುರುಪಕ್ಷದ ಗೆಳೆಯನು ಎದ್ದು ನಿಂತು, "ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವನ ಎಲೆಯ ನೊಣ ಓಡಿಸಲು ಹೋದನಂತೆ" ಎಂದನು. ಸಭೆ ಗೊಳ್ಳೆಂದು ನಕ್ಕಿತು. ಬಹುಮಾನವೂ ಅವನಿಗೇ ಹೋಯಿತು.

ಬಹುಮಾನ ಹೋದುದಕ್ಕೆ ನನಗೆ ಬೇಸರವಿಲ್ಲ. ಕೂಟ ಮುಗಿದ ಮೇಲೆ, ತೀರ್ಪುಗಾರರಾಗಿದ್ದ ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರು ನನ್ನನ್ನು ಹತ್ತಿರಕ್ಕೆ ಕರೆದು, "ಆ ಸಂಘದವರು ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸವಾದರೂ ಏನಪ್ಪ? ಒಂದನ್ನು ಹೇಳು ನೋಡೋಣ" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಪುಣ್ಯದ ಕೆಲಸವೆಂದು ಹತ್ತು ಸಲ ಹೇಳಿದ್ದೆನಾದರೂ ಆ ಕೆಲಸವೇನೆಂಬುದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ಓದಿ ತಿಳಿದುಕೊಂಡುದನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸುತ್ತೇನೆ. ಅಧ್ಯಾಪಕರ ಪ್ರಶ್ನೆಗೆ ಇದೇ ನನ್ನ ತಡವಾದ ಉತ್ತರ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಮಾನವ ಹಕ್ಕುಗಳೆಂಬುವು ಪಾಶ್ಚಾತ್ಯರು ಪೌರಸ್ತ್ಯರ ತಲೆಗೆ ಕಟ್ಟಿದ ಸರಕು ಎಂದು ಹೇಳುವವರುಂಟು. ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದ್ದು ೧೯೪೮ರ ಡಿಸೆಂಬರ್ ೧೦ರಂದು. ಅದರ ಕರಡನ್ನು ಸಿದ್ಧಪಡಿಸಿದ ಆಯೋಗದ ಉಪಾಧ್ಯಕ್ಷರು ಪೆಂಗ್ ಚುನ್ ಚಾಂಗ್ ಎಂಬ ಚೀನೀ ವಿದ್ವಾಂಸರು. ಕನ್‌ಫ್ಯೂಷಿಯಸನ ಪರಂಪರೆಯನ್ನು ಚೆನ್ನಾಗಿ ಬಲ್ಲ ಅವರು, ಮನುಷ್ಯನಿಗೆ ವಿಚಾರಶಕ್ತಿಯ ಜೊತೆಗೆ ಇತರರ ನೋವನ್ನು ಅರಿಯುವ ಅಂತಃಕರಣವೂ ಉಂಟೆಂಬುದನ್ನು ಘೋಷಣೆಯಲ್ಲಿ ಸೇರಿಸಬೇಕೆಂದು ವಾದಿಸಿದರು. ಅದೇ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ ಅವರು, ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂದೂ ಅರ್ಥವಾಗಬಹುದಾಗಿದ್ದ ಪದಕ್ಕೆ ಬದಲಾಗಿ 'ಎಲ್ಲ ಮಾನವ ಜೀವಿಗಳು' ಎಂಬ ಅರ್ಥದ ಪದ ಬರುವಂತೆ ಮಾಡಿದರು. ಹೀಗಿರುವಾಗ ಇದು ಕೇವಲ ಪರರ ಸರಕೆಂದು ಹೇಳುವುದು ಹೇಗೆ? ಇದರಲ್ಲಿ ಚೀನದವರ ಕೈಯೂ ಇದೆ, ನಮ್ಮವರ ಕೈಯೂ ಇದೆ.

ಇನ್ನು ಕಾನೂನಿನ ಸ್ಥಿತಿ. ಚೀನದ ಸಂವಿಧಾನದ ೩೫ನೆಯ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯಗಳು ಬರೆಯಲ್ಪಟ್ಟಿವೆ. ೨೦೦೪ರಲ್ಲಿ ರಾಜ್ಯವು ಮಾನವ ಹಕ್ಕುಗಳನ್ನು ಗೌರವಿಸಿ ರಕ್ಷಿಸುವುದೆಂಬ ಮಾತನ್ನೂ ಸೇರಿಸಲಾಯಿತು. ಆರ್ಥಿಕ, ಸಾಮಾಜಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಚೀನ ೨೦೦೧ರಲ್ಲಿ ಸ್ಥಿರೀಕರಿಸಿತು. ಆದರೆ ನಾಗರಿಕ, ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ೧೯೯೮ರಲ್ಲಿ ಸಹಿ ಮಾಡಿಯೂ ಸ್ಥಿರೀಕರಿಸಿಲ್ಲ. ಆಡಿದ ಮಾತಿಗೂ ನಡೆಗೂ ಇರುವ ಈ ಅಂತರವೇ ನಾನು ವಿವರಿಸಹೊರಟಿರುವ ಸಂಘಗಳ ಕಾರ್ಯಕ್ಷೇತ್ರ. ಅವು ಹೊಸ ಕಾನೂನನ್ನೇನೂ ತರಲು ಹೋಗುವುದಿಲ್ಲ. ಚೀನವೇ ಒಪ್ಪಿಕೊಂಡುದನ್ನು ಅದಕ್ಕೆ ನೆನಪಿಸುತ್ತವೆ.

ಈ ಕಾರ್ಯದ ಇತಿಹಾಸ ಬಹಳ ಹಳೆಯದಲ್ಲ. ಲಂಡನ್ನಿನಲ್ಲಿ ೧೯೬೧ರಲ್ಲಿ ಹುಟ್ಟಿದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು ಚೀನದ ರಾಜಕೀಯ ಸೆರೆವಾಸವನ್ನು ಕುರಿತು ೧೯೭೮ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಅದೇ ವರ್ಷ ಬೀಜಿಂಗಿನ ಒಂದು ಗೋಡೆಯ ಮೇಲೆ ವೇ ಜಿಂಗ್‌ಶೆಂಗ್ ಎಂಬ ತರುಣ ವಿದ್ಯುತ್ ಕೆಲಸಗಾರನು, ದೇಶಕ್ಕೆ ಪ್ರಜಾಪ್ರಭುತ್ವವೂ ಬೇಕೆಂದು ಬರೆದು ಅಂಟಿಸಿದನು. ಮರುವರ್ಷವೇ ಅವನಿಗೆ ೧೫ ವರ್ಷಗಳ ಸಜೆಯಾಯಿತು. ಹತ್ತು ವರ್ಷ ಕಳೆದ ಮೇಲೆ, ೧೯೮೯ರ ಜನವರಿಯಲ್ಲಿ, ಖಗೋಳ ಭೌತವಿಜ್ಞಾನಿ ಫಾಂಗ್ ಲಿಝಿ ಅವರು ನಾಯಕ ಡೆಂಗ್ ಷಿಯಾವೊಪಿಂಗ್ ಅವರಿಗೆ ಬಹಿರಂಗ ಪತ್ರ ಬರೆದು, ವೇ ಮೊದಲಾದವರನ್ನು ಬಿಡುಗಡೆ ಮಾಡಬೇಕೆಂದು ಕೋರಿದರು. ಅದೇ ಮಾರ್ಚ್ ತಿಂಗಳಿನಲ್ಲಿ, ಅಮೆರಿಕದಲ್ಲಿದ್ದ ಚೀನೀ ವಿದ್ಯಾರ್ಥಿಗಳೂ ವಿಜ್ಞಾನಿಗಳೂ ಕೂಡಿ 'ಹ್ಯೂಮನ್ ರೈಟ್ಸ್ ಇನ್ ಚೈನಾ' ಎಂಬ ಸಂಘವನ್ನು ಕಟ್ಟಿದರು. ಅದರ ಕಚೇರಿ ನ್ಯೂಯಾರ್ಕಿನಲ್ಲಿ.

ಮಿತ್ರರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸಂಘವನ್ನು ಕಟ್ಟಿದವರು ಪರಕೀಯರಲ್ಲ. ಓದಲೆಂದು ಹೊರನಾಡಿಗೆ ಹೋಗಿದ್ದ ಚೀನದ ಮಕ್ಕಳೇ. ಅವರು ಸಂಘ ಕಟ್ಟಿದ ಮೂರು ತಿಂಗಳಿಗೆ, ಜೂನ್ ೩ರ ರಾತ್ರಿಯಿಂದ ೪ರ ಬೆಳಗಿನವರೆಗೆ ಬೀಜಿಂಗಿನ ತಿಯಾನನ್‌ಮೆನ್ ಚೌಕದ ಸುತ್ತಲಿನ ಬೀದಿಗಳಲ್ಲಿ ಸೈನ್ಯವು ಜನರ ಮೇಲೆ ಗುಂಡು ಹಾರಿಸಿತು. ಸತ್ತವರ ಹೆಸರುಗಳ ಪಟ್ಟಿಯನ್ನು ಅಲ್ಲಿನ ಸರ್ಕಾರ ಇಂದಿಗೂ ಪ್ರಕಟಿಸಿಲ್ಲ.

ಹಾಗಾದರೆ ಆ ಪಟ್ಟಿಯನ್ನು ಮಾಡಿದವರು ಯಾರು? ಸತ್ತವರ ತಾಯಂದಿರು. ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದ ಡಿಂಗ್ ಜಿಲಿನ್ ಎಂಬ ಮಹಿಳೆ ಆ ರಾತ್ರಿ ತಮ್ಮ ೧೭ ವರ್ಷದ ಮಗನನ್ನು ಕಳೆದುಕೊಂಡರು. ಪೊಲೀಸರ ಕಾವಲಿನ ನಡುವೆಯೂ ಅವರು ಮತ್ತು ಅವರಂತೆಯೇ ಮಕ್ಕಳನ್ನು ಕಳೆದುಕೊಂಡ ಇತರರು ಮನೆಯಿಂದ ಮನೆಗೆ ಹೋಗಿ, ಒಂದೊಂದೇ ಹೆಸರನ್ನು ಕೂಡಿಸಿ, ೨೦೦ಕ್ಕೂ ಹೆಚ್ಚು ಹೆಸರುಗಳನ್ನು ದಾಖಲೆ ಮಾಡಿದರು. ಅದನ್ನು ಅಚ್ಚು ಹಾಕುವ ಮುದ್ರಣಾಲಯ ಚೀನದಲ್ಲಿರಲಿಲ್ಲ. ನ್ಯೂಯಾರ್ಕಿನ ಸಂಘದವರು ಅದನ್ನು ಪಡೆದು, ಇಂಗ್ಲಿಷಿಗೆ ಅನುವಾದಿಸಿ, ಲೋಕಕ್ಕೆ ತಿಳಿಸಿದರು. ಒಳಗಿನವರು ಸಂಗ್ರಹಿಸುವುದು, ಹೊರಗಿನವರು ಕಾಪಾಡಿ ಪ್ರಕಟಿಸುವುದು: ಅಧ್ಯಾಪಕರು ಕೇಳಿದ 'ಕೆಲಸ'ದ ಮೊದಲನೆಯ ಭಾಗ ಇದು.

ಎರಡನೆಯ ಭಾಗವು ಪರಿಶೀಲನೆ. ಒಬ್ಬನ ಬಂಧನವಾಯಿತೆಂಬ ಸುದ್ದಿ ಬಂದೊಡನೆ ಅದನ್ನು ಪ್ರಕಟಿಸಿಬಿಡುವ ಸಂಘವು ಬಹುಬೇಗ ನಂಬಿಕೆ ಕಳೆದುಕೊಳ್ಳುತ್ತದೆ. ಆತನ ಮನೆಯವರನ್ನೋ ವಕೀಲರನ್ನೋ ಸಂಪರ್ಕಿಸಬೇಕು. ಯಾವ ಠಾಣೆ, ಯಾವ ದಿನ, ದಂಡಸಂಹಿತೆಯ ಯಾವ ವಿಧಿಯಂತೆ ಎಂದು ತಿಳಿಯಬೇಕು. ತೀರ್ಪಿನ ಪ್ರತಿ ಸಿಕ್ಕಿದರೆ ಓದಬೇಕು. ಹೆಸರನ್ನು ಹೊರಗೆಡವಿದರೆ ಮನೆಯವರಿಗೆ ತೊಂದರೆಯಾದೀತೇ ಎಂದು ಅವರನ್ನೇ ಕೇಳಬೇಕು. ಇದು ಗುಮಾಸ್ತೆಯ ಕೆಲಸದಂತೆ ನೀರಸವಾದದ್ದು. ಆದರೂ ಒಂದು ತಾರೀಖು ತಪ್ಪಾದರೆ, "ನೋಡಿ, ಇವರು ಹೇಳುವುದೆಲ್ಲವೂ ಸುಳ್ಳು" ಎನ್ನಲು ಸರ್ಕಾರಕ್ಕೆ ಅಷ್ಟೇ ಸಾಕು.

ಹೀಗೆ ಸಿದ್ಧವಾದ ಸುದ್ದಿಯನ್ನು ಏನು ಮಾಡಬೇಕು? ಈ ವಿಷಯದಲ್ಲಿ ಸಂಘಗಳಲ್ಲಿ ಎರಡು ಪಂಥಗಳಿವೆ. ಬಹಿರಂಗವಾಗಿ ಹೇಳಿ ನಾಚಿಕೆಯಾಗುವಂತೆ ಮಾಡಬೇಕೆಂಬುದು ಒಂದು ಪಂಥ. ಆಮ್ನೆಸ್ಟಿ, ಹ್ಯೂಮನ್ ರೈಟ್ಸ್ ವಾಚ್ ಮೊದಲಾದವುಗಳ ಮಾರ್ಗ ಹೆಚ್ಚಾಗಿ ಇದೇ. ಒಂದೇ ಕೈದಿಯನ್ನು ಕುರಿತು ಸಾವಿರಾರು ಮಂದಿ ಪತ್ರ ಬರೆದಾಗ ಅಧಿಕಾರಿಗಳಿಗೆ ಆತನು ಅನಾಮಧೇಯನಾಗಿ ಉಳಿಯುವುದಿಲ್ಲ.

ಎರಡನೆಯದು ಮೆಲುದನಿಯ ಪಂಥ. ಅದರ ಕಥೆ ಸ್ವಾರಸ್ಯವಾಗಿದೆ. ಜಾನ್ ಕ್ಯಾಮ್ ಎಂಬವರು ಹಾಂಗ್‌ಕಾಂಗಿನಲ್ಲಿದ್ದ ಅಮೆರಿಕದ ವ್ಯಾಪಾರಿ. ಅಲ್ಲಿನ ಅಮೆರಿಕನ್ ವಾಣಿಜ್ಯ ಮಂಡಳಿಯ ಅಧ್ಯಕ್ಷರು. ೧೯೯೦ರ ಮೇ ತಿಂಗಳಿನಲ್ಲಿ ಚೀನದ ಹಿರಿಯ ಅಧಿಕಾರಿಯೊಬ್ಬರು ಆತಿಥ್ಯ ವಹಿಸಿದ್ದ ಔತಣಕೂಟದಲ್ಲಿ ಅವರು, ಶಾಂಘೈಯಲ್ಲಿ ಬಂಧಿತನಾಗಿದ್ದ ಒಬ್ಬ ಹಾಂಗ್‌ಕಾಂಗ್ ವಿದ್ಯಾರ್ಥಿಯ ಹೆಸರೆತ್ತಿ, ಅವನನ್ನು ಏಕೆ ಬಿಡಬಾರದೆಂದು ಕೇಳಿದರು. ಊಟದ ಮನೆ ಸ್ತಬ್ಧವಾಯಿತು; ಅಧಿಕಾರಿಗೆ ಸಿಟ್ಟು ಬಂದಿತು. ಆದರೆ ಸ್ವಲ್ಪ ಕಾಲದಲ್ಲಿಯೇ ಆ ವಿದ್ಯಾರ್ಥಿಯ ಬಿಡುಗಡೆಯಾಯಿತು. ಕ್ಯಾಮ್ ಅವರು ಕ್ರಮೇಣ ವ್ಯಾಪಾರವನ್ನು ಬಿಟ್ಟು, ೧೯೯೯ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ 'ದುಯ್ ಹುವಾ' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಚೀನೀ ಭಾಷೆಯಲ್ಲಿ ಅದಕ್ಕೆ 'ಸಂವಾದ' ಎಂದರ್ಥ. ಸಂಸ್ಥೆಯವರು ಚೀನದಲ್ಲೇ ಬಹಿರಂಗವಾಗಿ ಪ್ರಕಟವಾದ ಗ್ರಂಥಗಳನ್ನೂ ಕಡತಗಳನ್ನೂ ಶೋಧಿಸಿ, ಹೊರಜಗತ್ತು ಕೇಳಿಯೇ ಇರದ ಕೈದಿಗಳ ಹೆಸರುಗಳನ್ನು ಪತ್ತೆಹಚ್ಚುತ್ತಾರೆ. ಅವನ್ನು ಪಟ್ಟಿ ಮಾಡಿ, "ಇವರ ಸ್ಥಿತಿ ಏನು? ಶಿಕ್ಷೆ ಕಡಿಮೆಯಾಗಿದೆಯೆ?" ಎಂದು ಸರ್ಕಾರವನ್ನು ವಿನಯದಿಂದ ಕೇಳುತ್ತಾರೆ. ಹೊರಗಿನವರು ಕೇಳಿದ ಕೈದಿಯನ್ನು ಒಳಗಿನವರು ಸ್ವಲ್ಪ ಎಚ್ಚರಿಕೆಯಿಂದ ನಡೆಸಿಕೊಳ್ಳುವರೆಂಬುದು ಅವರ ಅನುಭವ.

ಈ ಎರಡರಲ್ಲಿ ಯಾವುದು ಸರಿ? ನನ್ನ ಮಟ್ಟಿಗೆ ಎರಡೂ ಬೇಕು. ಬಾಗಿಲ ಹೊರಗೆ ಕೂಗುವವರಿಲ್ಲದಿದ್ದರೆ ಒಳಗೆ ಮೆಲ್ಲಗೆ ಮಾತನಾಡುವವನ ಮಾತಿಗೆ ಬೆಲೆ ಬರುವುದು ಕಷ್ಟ.

ಮೂರನೆಯ ಭಾಗವು ವಿಶ್ವಸಂಸ್ಥೆಯ ಎದುರಿನ ಕೆಲಸ. ವಿಶ್ವಸಂಸ್ಥೆಯ ಸನ್ನದಿನ ೭೧ನೆಯ ವಿಧಿಯು ಸರ್ಕಾರೇತರ ಸಂಸ್ಥೆಗಳೊಡನೆ ಸಮಾಲೋಚಿಸಲು ಅವಕಾಶ ಕೊಡುತ್ತದೆ. ಜಿನೀವಾ ನಗರದಲ್ಲಿರುವ ೪೭ ಸದಸ್ಯರಾಷ್ಟ್ರಗಳ ಮಾನವ ಹಕ್ಕುಗಳ ಮಂಡಳಿಯು ಪ್ರತಿಯೊಂದು ದೇಶದ ನಡವಳಿಕೆಯನ್ನೂ ಸರದಿಯ ಮೇಲೆ ವಿಮರ್ಶಿಸುತ್ತದೆ. ಚೀನದ ಸರದಿ ೨೦೦೯, ೨೦೧೩, ೨೦೧೮ ಮತ್ತು ೨೦೨೪ರಲ್ಲಿ ಬಂದಿತು. ಸರ್ಕಾರ ತನ್ನ ವರದಿಯನ್ನು ಕೊಟ್ಟಂತೆ ಸಂಘಗಳೂ ತಮ್ಮ ವರದಿಗಳನ್ನು ಕೊಡಬಹುದು. ಪರೀಕ್ಷಕರ ಮುಂದೆ ವಿದ್ಯಾರ್ಥಿಯ ಉತ್ತರಪತ್ರಿಕೆಯೊಂದೇ ಅಲ್ಲದೆ ನೆರೆಹೊರೆಯವರ ಸಾಕ್ಷ್ಯವೂ ಬಂದಂತೆ ಎನ್ನಬಹುದು.

ಈ ಸರದಿಯ ಹಿಂದಿನ ಒಂದು ಘಟನೆಯನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಬೀಜಿಂಗಿನಲ್ಲಿ ತ್ಸಾವೊ ಶುನ್ಲಿ ಎಂಬ ಮಹಿಳೆ ಇದ್ದರು. ಸರ್ಕಾರವು ಜಿನೀವಾಕ್ಕೆ ಕಳುಹಿಸುವ ವರದಿಯನ್ನು ಬರೆಯುವಾಗ ಸಾಮಾನ್ಯ ಪ್ರಜೆಗಳ ಅಭಿಪ್ರಾಯವನ್ನೂ ಕೇಳಬೇಕೆಂಬುದು ಅವರ ಬೇಡಿಕೆ. ಅದಕ್ಕಾಗಿ ೨೦೧೩ರ ಬೇಸಗೆಯಲ್ಲಿ ವಿದೇಶಾಂಗ ಸಚಿವಾಲಯದ ಎದುರಿಗೆ ಇತರರೊಡನೆ ಧರಣಿ ಕುಳಿತರು. ಸೆಪ್ಟೆಂಬರ್ ೧೪ರಂದು, ಮಾನವ ಹಕ್ಕುಗಳ ತರಬೇತಿಗಾಗಿ ಜಿನೀವಾಕ್ಕೆ ಹೊರಟಿದ್ದ ಅವರನ್ನು ಬೀಜಿಂಗಿನ ವಿಮಾನ ನಿಲ್ದಾಣದಲ್ಲಿಯೇ ಹಿಡಿದೊಯ್ದರು. ಸೆರೆಯಲ್ಲಿ ಕಾಯಿಲೆ ಉಲ್ಬಣಿಸಿತು. ತಕ್ಕ ಚಿಕಿತ್ಸೆ ದೊರೆಯಲಿಲ್ಲವೆಂದು ಮನೆಯವರೂ ವಕೀಲರೂ ಹೇಳಿದರು. ೨೦೧೪ರ ಮಾರ್ಚ್ ೧೪ರಂದು ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಜಿನೀವಾದ ಸಭೆಯಲ್ಲಿ ಸಂಘಗಳ ಪ್ರತಿನಿಧಿಗಳು ತಮಗೆ ದೊರೆತ ಮಾತಿನ ಕಾಲವನ್ನು ಆಕೆಯ ಸ್ಮರಣೆಗಾಗಿ ಮೌನಕ್ಕೆ ಬಳಸಲು ಕೋರಿದರು. ಚೀನದ ಪ್ರತಿನಿಧಿ ಆಕ್ಷೇಪಿಸಿದರು. ಮಾತನಾಡಲು ಕೊಟ್ಟ ಸಮಯದಲ್ಲಿ ಮೌನವಾಗಿರಬಹುದೇ ಎಂಬ ಬಗ್ಗೆ ರಾಷ್ಟ್ರಗಳ ನಡುವೆ ಬಹಳ ಹೊತ್ತು ವಾದ ನಡೆಯಿತು! ಸಂಘದವರು ಆಕೆಯ ಭಾವಚಿತ್ರಗಳನ್ನು ಹಿಡಿದು ಎದ್ದು ನಿಂತರು.

ಚೀನ ಸರ್ಕಾರದ ಪ್ರತ್ಯುತ್ತರವನ್ನೂ ನ್ಯಾಯವಾಗಿ ಹೇಳಬೇಕು. ೧೯೯೧ರಲ್ಲಿ ಅದು ಮಾನವ ಹಕ್ಕುಗಳ ಬಗ್ಗೆ ಮೊತ್ತಮೊದಲ ಶ್ವೇತಪತ್ರವನ್ನು ಹೊರಡಿಸಿ, ಬದುಕಿ ಉಳಿಯುವ ಹಕ್ಕೇ ಎಲ್ಲಕ್ಕಿಂತ ಮೊದಲಿನದೆಂದು ಸಾರಿತು. ನಾಲ್ಕು ದಶಕಗಳಲ್ಲಿ ಸುಮಾರು ೮೦ ಕೋಟಿ ಜನರು ಕಡುಬಡತನದಿಂದ ಮೇಲೆ ಬಂದುದನ್ನು ವಿಶ್ವಬ್ಯಾಂಕೂ ಒಪ್ಪಿದೆ. ಇದು ಸಾಮಾನ್ಯವಾದ ಸಾಧನೆಯಲ್ಲ; ಹಸಿವನ್ನು ಬಲ್ಲ ನಾಡಿನವರಾದ ನಾವು ಅದನ್ನು ಲಘುವಾಗಿ ಕಾಣಬಾರದು. ಪರದೇಶದ ಸಂಘಗಳು ಅನ್ಯ ಸರ್ಕಾರಗಳ ಕೈಗೊಂಬೆಗಳೆಂಬುದು ಚೀನದ ಎರಡನೆಯ ಆಕ್ಷೇಪ. ಇದರಲ್ಲಿ ವಿಚಾರಮಾಡಬೇಕಾದ ಅಂಶ ಉಂಟು. ಹ್ಯೂಮನ್ ರೈಟ್ಸ್ ವಾಚ್ ಯಾವ ಸರ್ಕಾರದ ಹಣವನ್ನೂ ತೆಗೆದುಕೊಳ್ಳುವುದಿಲ್ಲ. ಆದರೆ ಚಿಕ್ಕ ಸಂಘಗಳಲ್ಲಿ ಹಲವು, ಅಮೆರಿಕದ ಕಾಂಗ್ರೆಸ್ಸಿನಿಂದ ಹಣ ಪಡೆಯುವ ಒಂದು ದತ್ತಿಯನ್ನು ಅವಲಂಬಿಸಿದ್ದುವು. ೨೦೨೫ರ ಆರಂಭದಲ್ಲಿ ಅಲ್ಲಿನ ಸರ್ಕಾರ ವಿದೇಶೀ ನೆರವನ್ನು ತಡೆಹಿಡಿದಾಗ ಅಂಥ ಸಂಘಗಳು ಕಂಗಾಲಾದವು. ಒಂದೇ ಬಾವಿಯ ನೀರನ್ನು ನಂಬಿದ ತೋಟದ ಗತಿ ಅದು. ಹಣದ ಮೂಲ ಯಾವುದೆಂದು ಕೇಳುವುದು ತಪ್ಪಲ್ಲ. ಆದರೆ ಸಂಘದ ಹಣ ಎಲ್ಲಿಂದ ಬಂದರೂ ಡಿಂಗ್ ಜಿಲಿನ್ ಅವರ ಮಗ ಬದುಕಿ ಬರುವುದಿಲ್ಲ. ಪಟ್ಟಿಯ ಹೆಸರುಗಳು ನಿಜವೇ ಎಂಬುದು ಬೇರೆಯೇ ಪ್ರಶ್ನೆ.

ಇಂಥ ಸಂಘಗಳಿಗೆ ಚೀನದ ಬಾಗಿಲು ದಿನದಿನಕ್ಕೆ ಕಿರಿದಾಗುತ್ತಿದೆ. ೨೦೧೫ರ ಜುಲೈ ೯ರಿಂದ ಮೊದಲಾಗಿ ಸುಮಾರು ೩೦೦ ಮಂದಿ ವಕೀಲರನ್ನೂ ಕಾರ್ಯಕರ್ತರನ್ನೂ ಪೊಲೀಸರು ವಿಚಾರಣೆಗೊಳಪಡಿಸಿದರು ಇಲ್ಲವೆ ಬಂಧಿಸಿದರು. ೨೦೧೭ರ ಜನವರಿ ೧ರಿಂದ ಪರದೇಶದ ಸರ್ಕಾರೇತರ ಸಂಸ್ಥೆಗಳನ್ನು ಪೊಲೀಸ್ ಇಲಾಖೆಯ ಅಧೀನಕ್ಕೆ ತರುವ ಕಾಯಿದೆ ಜಾರಿಗೆ ಬಂದಿತು. ೨೦೨೦ರಲ್ಲಿ ಹಾಂಗ್‌ಕಾಂಗಿನ ರಾಷ್ಟ್ರೀಯ ಭದ್ರತಾ ಕಾನೂನು ಬಂದ ಮೇಲೆ, ಮೂವತ್ತು ವರ್ಷ ಕಾಲ ಅಲ್ಲಿನ ವಿಕ್ಟೋರಿಯ ಉದ್ಯಾನದಲ್ಲಿ ಜೂನ್ ೪ರಂದು ಮೇಣದ ಬತ್ತಿ ಹಚ್ಚುತ್ತಿದ್ದ ಒಕ್ಕೂಟವು ೨೦೨೧ರಲ್ಲಿ ಮುಚ್ಚಿಹೋಯಿತು. ಕಾರ್ಮಿಕರಿಗಾಗಿ ೧೯೯೪ರಿಂದ ಅಲ್ಲಿ ದುಡಿಯುತ್ತಿದ್ದ ಚೈನಾ ಲೇಬರ್ ಬುಲೆಟಿನ್ ಸಂಸ್ಥೆಯೂ ೨೦೨೫ರ ಜೂನಿನಲ್ಲಿ ಕದ ಹಾಕಿತು.

ಇಷ್ಟೆಲ್ಲ ದುಡಿದು ಫಲವೇನು ಎಂದರೆ, ಉತ್ತರ ಮಿಶ್ರವಾದದ್ದು. ಲೇಖಕ ಲಿಯು ಷಿಯಾವೊಬೊ ಅವರಿಗಾಗಿ ಲೋಕದ ಸಂಘಗಳೆಲ್ಲ ಕೂಗಿದವು. ೨೦೧೦ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂದಿತು. ೨೦೧೧ರಲ್ಲಿ ವಿಶ್ವಸಂಸ್ಥೆಯ ತಜ್ಞರ ತಂಡ ಅವರ ಸೆರೆವಾಸ ಅಕ್ರಮವೆಂದು ಹೇಳಿತು. ಆದರೂ ಅವರು ೨೦೧೭ರ ಜುಲೈ ೧೩ರಂದು ಕೈದಿಯಾಗಿಯೇ ತೀರಿಕೊಂಡರು. ಇನ್ನೊಂದು ಕಡೆ, ನ್ಯಾಯಾಲಯದ ವಿಚಾರಣೆಯೇ ಇಲ್ಲದೆ ಪೊಲೀಸರು ಜನರನ್ನು ವರ್ಷಗಟ್ಟಲೆ ದುಡಿಮೆಯ ಶಿಬಿರಕ್ಕೆ ತಳ್ಳಬಹುದಾಗಿದ್ದ, ೧೯೫೭ರಿಂದ ನಡೆದು ಬಂದ ಪದ್ಧತಿಯು ೨೦೧೩ರ ಕೊನೆಯಲ್ಲಿ ರದ್ದಾಯಿತು. ಅದರ ಮುಖ್ಯ ಕೀರ್ತಿ ಚೀನದೊಳಗಿನ ವಕೀಲರಿಗೂ ಪತ್ರಕರ್ತರಿಗೂ ನೊಂದ ಸಂಸಾರಗಳಿಗೂ ಸಲ್ಲಬೇಕು. ಹೊರಗಿನವರು ವರ್ಷಗಳ ಕಾಲ ಆ ಶಿಬಿರಗಳ ಲೆಕ್ಕವನ್ನು ಮರೆಯಗೊಡದೆ ಇಟ್ಟರು.

ಇನ್ನು ಗೆಳೆಯನ ಹೆಗ್ಗಣ. ಅವನ ಮಾತನ್ನು ನಾನು ಮರೆತಿಲ್ಲ. ಅದು ನಿಜವೂ ಹೌದು. ೧೯೭೫ರ ಜೂನಿನಿಂದ ೧೯೭೭ರ ಮಾರ್ಚಿಯವರೆಗೆ ನಮ್ಮ ದೇಶದಲ್ಲಿಯೂ ತುರ್ತುಪರಿಸ್ಥಿತಿ ಇತ್ತು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನು ೧೯೭೬ರಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಉಬ್ಬಸದಿಂದ ನರಳುತ್ತಿದ್ದ ಆಕೆ ೧೯೭೭ರ ಜನವರಿಯಲ್ಲಿ ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ನಮ್ಮ ಪತ್ರಿಕೆಗಳ ಬಾಯಿ ಕಟ್ಟಿತ್ತು. ಮಾತನಾಡಿದವರು ಯಾರು? ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳೂ ಉದ್ಯೋಗಿಗಳೂ 'ಇಂಡಿಯನ್ಸ್ ಫಾರ್ ಡೆಮಾಕ್ರಸಿ' ಎಂಬ ಸಂಘವನ್ನು ಕಟ್ಟಿ, ಅಲ್ಲಿಂದ ಭಾರತದ ಕೈದಿಗಳ ಪರವಾಗಿ ಕೂಗಿದರು. ಅದರ ಮುಂದಾಳುಗಳಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ ಆದ ಎಸ್. ಆರ್. ಹಿರೇಮಠರು. ನ್ಯೂಯಾರ್ಕಿನಲ್ಲಿ ೧೯೮೯ರಲ್ಲಿ ಚೀನೀ ವಿದ್ಯಾರ್ಥಿಗಳು ಮಾಡಿದ್ದನ್ನು ನಮ್ಮವರು ಹದಿನಾಲ್ಕು ವರ್ಷ ಮೊದಲೇ ಮಾಡಿದ್ದರು. ಅವರನ್ನು ನಾವು ದೇಶದ್ರೋಹಿಗಳೆಂದು ಕರೆಯುವುದಿಲ್ಲ. ಈಚಿನ ಮಾತನ್ನೇ ಹೇಳುವುದಾದರೆ, ೨೦೨೦ರಲ್ಲಿ ಬೆಂಗಳೂರಿನಲ್ಲಿದ್ದ ಆಮ್ನೆಸ್ಟಿಯ ಭಾರತ ಶಾಖೆಯು ಬ್ಯಾಂಕ್ ಖಾತೆಗಳು ಸ್ತಂಭಿತವಾಗಿ ಕೆಲಸ ನಿಲ್ಲಿಸಿತು. ವಿದೇಶೀ ದೇಣಿಗೆಯ ಕಾನೂನನ್ನು ಅದು ಮೀರಿತೆಂದು ಸರ್ಕಾರವೆಂದಿತು, ಸಂಸ್ಥೆ ಅಲ್ಲಗಳೆಯಿತು. ಆದುದರಿಂದ ನಮ್ಮ ಎಲೆಯನ್ನು ನೋಡಿಕೊಳ್ಳುವ ಕೆಲಸ ನಮಗೆ ಮುಗಿದಿಲ್ಲ.

ಆದರೆ ಗೆಳೆಯನ ಗಾದೆ ಒಂದನ್ನು ಮರೆಯುತ್ತದೆ. ಪಂಕ್ತಿಯಲ್ಲಿ ಕುಳಿತವನಿಗೆ ತನ್ನ ಕೈ ಕಟ್ಟಿದ್ದರೆ ಅವನ ಎಲೆಯ ನೊಣವನ್ನು ಪಕ್ಕದವನೇ ಓಡಿಸಬೇಕು. ೧೯೭೫ರಲ್ಲಿ ನಮ್ಮ ಕೈ ಕಟ್ಟಿತ್ತು.

ಈ ಲೇಖನದ ಕರಡನ್ನು ಅಧ್ಯಾಪಕರಿಗೆ ತೋರಿಸಿದೆ. ಅವರು ಪೂರ್ತಿ ಓದಿ, ಎರಡು ಕಡೆ ತಾರೀಖುಗಳನ್ನು ಮತ್ತೊಮ್ಮೆ ಪರಿಶೀಲಿಸಲು ಹೇಳಿ ಹಿಂದಿರುಗಿಸಿದರು. ಮರುದಿನ ಗ್ರಂಥಾಲಯದಲ್ಲಿ ಕುಳಿತು ಪರಿಶೀಲಿಸಿದೆ. ಒಂದು ತಪ್ಪಾಗಿತ್ತು, ತಿದ್ದಿದೆ. ಗೆಳೆಯನೂ ಓದಿದ್ದಾನೆ. ಬರುವ ವರ್ಷದ ಕೂಟದಲ್ಲಿ ಇದೇ ವಿಷಯವನ್ನು ಇಟ್ಟರೆ ಪಕ್ಷ ಬದಲಿಸಿಕೊಂಡು ಮಾತನಾಡೋಣವೆಂದು ಅವನ ಸಲಹೆ. ನಾನು ಒಪ್ಪಿದ್ದೇನೆ.